ಬೆಂಗಳೂರಲ್ಲಿ ಒಬ್ಬರೇ ಇರೋಕೆ ಮನೆ: ಬೋರ್ಡಿನ ಬಾಡಿಗೆ ಬೇರೆ, ಕೈಯಿಂದ ಹೋಗೋ ದುಡ್ಡು ಬೇರೆ

ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದವರು ಮೊದಲು ಕೇಳುವುದು "ಬಾಡಿಗೆ ಎಷ್ಟು ಸಾರ್?" ಅಂತ. ಆ ಒಂದು ಅಂಕಿ ಕೇಳಿಯೇ ಮನೆ ಬೇಕೋ ಬೇಡವೋ ಎಂದು ಬಹಳ ಜನ ತೀರ್ಮಾನ ಮಾಡಿಬಿಡುತ್ತಾರೆ. ಇಬ್ಬರು ಮೂವರು ಸೇರಿ ಹಿಡಿಯುವ ಮನೆಗೆ ಅದು ಹೇಗೋ ನಡೆಯುತ್ತದೆ, ಉಳಿದ ಖರ್ಚೆಲ್ಲ ಹಂಚಿಹೋಗುತ್ತದೆ. ಒಬ್ಬರೇ ಇರುವಾಗ ಅಡ್ವಾನ್ಸು, ಪೇಂಟಿಂಗು, ಬ್ರೋಕರ್ ಕಮಿಷನ್ನು, ನೀರು, ಕರೆಂಟು ಎಲ್ಲವೂ ಒಂದೇ ಸಂಬಳದ ಮೇಲೆ ಬೀಳುತ್ತವೆ. ಅದಕ್ಕೇ ಹುಡುಕಾಟ ಶುರು ಮಾಡುವ ಮೊದಲು ಒಂದು ಲೆಕ್ಕ ಹಾಕುವುದನ್ನು ಕಲಿಯಬೇಕು. ಬೋರ್ಡಿನ ಬಾಡಿಗೆಯನ್ನು ಪಕ್ಕಕ್ಕಿಟ್ಟು, ತಿಂಗಳಿಗೆ ನಿಮ್ಮ ಕೈಯಿಂದ ನಿಜವಾಗಿ ಎಷ್ಟು ಹೋಗುತ್ತದೆ ಎಂಬ ಲೆಕ್ಕ.

ಎರಡು ಮನೆ ಇವೆ ಅಂದುಕೊಳ್ಳಿ. ಎರಡೂ ಒಂದು ಹಾಲು, ಒಂದು ಅಡುಗೆಮನೆಯ ಒನ್ ಆರ್‌ಕೆ.

ಮೊದಲನೆಯದು ಬಾಡಿಗೆ 11,000. ಅಡ್ವಾನ್ಸ್ 1 ಲಕ್ಷ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ನೀರಿಗೆ ತಿಂಗಳಿಗೆ 300. ಕರೆಂಟು ಸಬ್‌ಮೀಟರ್, ಅಂದರೆ ಓನರ್ ತಾವೇ ಹಾಕಿಸಿದ ಮೀಟರ್, ಯೂನಿಟ್ಟಿಗೆ 9 ರೂಪಾಯಿ.

ಎರಡನೆಯದು ಬಾಡಿಗೆ 12,500. ಅಡ್ವಾನ್ಸ್ 40,000. ಬೋರ್ಡ್ ನೋಡಿ ನೇರವಾಗಿ ಸಿಕ್ಕಿದ್ದು, ಬ್ರೋಕರ್ ಇಲ್ಲ. ಪೇಂಟಿಂಗ್ ಬಿಲ್ಲಿನ ಪ್ರಕಾರ, ಸುಮಾರು 4,000 ಅನ್ನಿ. ನೀರಿಗೆ 200. ಬೆಸ್ಕಾಂ ಮೀಟರ್ ಪ್ರತ್ಯೇಕ, ಸರ್ಕಾರದ ಉಚಿತ ಕರೆಂಟ್ ಯೋಜನೆಯಾದ ಗೃಹಜ್ಯೋತಿ ಸಿಗುತ್ತದೆ, ಹಾಗಾಗಿ ಕರೆಂಟಿಗೆ ದುಡ್ಡಿಲ್ಲ ಅನ್ನಿ.

ಈಗ ಒಂದು ಕರಾರಿನ ಅವಧಿಗೆ, ಅಂದರೆ 11 ತಿಂಗಳಿಗೆ ಹಂಚಿ ನೋಡಿ. ಅಡ್ವಾನ್ಸ್ ಹಣ ಬ್ಯಾಂಕಿನಲ್ಲಿ ಇದ್ದಿದ್ದರೆ ವರ್ಷಕ್ಕೆ ಶೇ. 7 ಬಡ್ಡಿ ಬರುತ್ತಿತ್ತು ಎಂದು ಹಿಡಿದರೆ, 1 ಲಕ್ಷಕ್ಕೆ ತಿಂಗಳಿಗೆ 583 ರೂಪಾಯಿ ನಷ್ಟ. ಪೇಂಟಿಂಗ್ ತಿಂಗಳಿಗೆ 1,000, ಬ್ರೋಕರ್ 1,000, ನೀರು 300, ತಿಂಗಳಿಗೆ 50 ಯೂನಿಟ್ ಉರಿಸಿದರೆ ಕರೆಂಟ್ 450. ಮೊದಲನೇ ಮನೆ ತಿಂಗಳಿಗೆ 14,333ಕ್ಕೆ ಬಂತು. ಎರಡನೆಯದು 12,500 ಜೊತೆಗೆ ಬಡ್ಡಿ 233, ಪೇಂಟಿಂಗ್ 364, ನೀರು 200. ಒಟ್ಟು 13,297. ಬೋರ್ಡಿನಲ್ಲಿ ಒಂದೂವರೆ ಸಾವಿರ ಜಾಸ್ತಿ ಇದ್ದ ಮನೆ ಒಂದು ಸಾವಿರ ಕಡಿಮೆಗೆ ಬಿತ್ತು.

ಇದೇ ಲೆಕ್ಕವನ್ನು ಮೂರು ಕರಾರಿಗೆ, ಅಂದರೆ 33 ತಿಂಗಳಿಗೆ ಹಾಕಿದರೆ ಮೊದಲನೆಯದು 12,999, ಎರಡನೆಯದು 13,054. ಹೆಚ್ಚುಕಡಿಮೆ ಸಮ. ಬ್ರೋಕರ್ ಮತ್ತು ಪೇಂಟಿಂಗ್ ಒಂದೇ ಸಲ ಆಗುವ ಖರ್ಚು, ಇದ್ದಷ್ಟು ದಿನ ಹಂಚಿಹೋಗುತ್ತದೆ. ಹಾಗಾಗಿ ಎಷ್ಟು ದಿನ ಇರುತ್ತೀರಿ ಎಂಬುದು ಗೊತ್ತಿಲ್ಲದೆ ಯಾವ ಮನೆ ಅಗ್ಗ ಎಂದು ಹೇಳಲು ಬರುವುದಿಲ್ಲ. ಕೆಲಸ ಬದಲಾಗುವ ಸಾಧ್ಯತೆ ಇರುವವರು ಬಾಡಿಗೆ ತುಸು ಜಾಸ್ತಿಯಾದರೂ ಅಡ್ವಾನ್ಸ್ ಕಡಿಮೆ ಇರುವ, ಬ್ರೋಕರ್ ಇಲ್ಲದ ಮನೆ ಹಿಡಿಯುವುದೇ ಸರಿ.

ಕೈಯಲ್ಲಿ ಒಮ್ಮೆಗೇ ಇರಬೇಕಾದ ದುಡ್ಡೂ ಬೇರೆಯೇ ಲೆಕ್ಕ. ಬಾಡಿಗೆ 12,000, ಅಡ್ವಾನ್ಸ್ ಆರು ತಿಂಗಳದ್ದು ಅಂದರೆ 72,000. ಮೊದಲ ತಿಂಗಳ ಬಾಡಿಗೆ 12,000, ಬ್ರೋಕರ್ 12,000. ಸಾಮಾನು ಸಾಗಿಸುವ ಟೆಂಪೊ, ಒಲೆ, ಹಾಸಿಗೆ, ಬಕೆಟ್ಟು ಸೇರಿಸುವ ಮೊದಲೇ 96,000 ಆಯಿತು. ಇದನ್ನು ಮೊದಲೇ ಎಣಿಸದೆ ಹೋಗುವವರು ಕೊನೆಗೆ ಕ್ರೆಡಿಟ್ ಕಾರ್ಡಿನಲ್ಲೋ ಪರ್ಸನಲ್ ಲೋನಿನಲ್ಲೋ ಅಡ್ವಾನ್ಸ್ ಕಟ್ಟುತ್ತಾರೆ. ಆಗ ಬಡ್ಡಿ ಶೇ. 7 ಅಲ್ಲ, ಲೋನಿಗೆ ಅದರ ಎರಡು ಮೂರು ಪಟ್ಟು, ಕಾರ್ಡಿನ ಬಾಕಿಗೆ ಇನ್ನೂ ಹೆಚ್ಚು.

ಎಲ್ಲಿ ಹುಡುಕುವುದು

ಲೇಔಟ್ ಬಿಟ್ಟು ಅದರ ಪಕ್ಕದ ಹಳೆಯ ಊರೊಳಗೆ ಹುಡುಕಿ. ಬೆಂಗಳೂರಿನ ಪ್ರತಿಯೊಂದು ದುಬಾರಿ ಬಡಾವಣೆಯ ಮಗ್ಗುಲಲ್ಲೂ ಒಂದು ಹಳ್ಳಿ ಇದೆ. ಬಡಾವಣೆ ಬರುವ ಮೊದಲೇ ಇದ್ದ ಹಳ್ಳಿ. ಕೋರಮಂಗಲಕ್ಕೆ ಈಜಿಪುರ, ಜಕ್ಕಸಂದ್ರ. ಇಂದಿರಾನಗರಕ್ಕೆ ಕೋಡಿಹಳ್ಳಿ, ದೊಮ್ಮಲೂರು, ತಿಪ್ಪಸಂದ್ರ. ಎಚ್‌ಎಸ್‌ಆರ್ ಲೇಔಟಿಗೆ ಅಗರ, ಸೋಮಸಂದ್ರಪಾಳ್ಯ. ಜೆ.ಪಿ. ನಗರಕ್ಕೆ ಸಾರಕ್ಕಿ, ಪುಟ್ಟೇನಹಳ್ಳಿ. ವಿಜಯನಗರಕ್ಕೆ ಹೊಸಹಳ್ಳಿ, ಮೂಡಲಪಾಳ್ಯ. ಇಲ್ಲಿ ಸೈಟುಗಳು ಚಿಕ್ಕವು, ರಸ್ತೆ ಕಿರಿದು, ಕಾರು ನಿಲ್ಲಿಸಲು ಜಾಗವಿಲ್ಲ. ಅದಕ್ಕೇ ಬಾಡಿಗೆ ಇಳಿಯುತ್ತದೆ. ಒಬ್ಬರೇ ಇರುವ, ಕಾರಿಲ್ಲದ ಮನುಷ್ಯನಿಗೆ ಆ ಕೊರತೆಗಳು ಕೊರತೆಯೇ ಅಲ್ಲ. ಹಳೆಯ ವಠಾರಗಳು, ಮನೆ ಹಿಂದಿನ ಔಟ್‌ಹೌಸುಗಳು, ಮಹಡಿ ಮೇಲಿನ ಒಂದೇ ಕೋಣೆಯ ಮನೆಗಳು ಉಳಿದಿರುವುದೂ ಇಲ್ಲೇ. ಇವು ಆ್ಯಪುಗಳಲ್ಲಿ ಅಪರೂಪಕ್ಕೆ ಕಾಣುತ್ತವೆ.

ದೂರ ಹೋದರೆ ಅಗ್ಗ ಎನ್ನುವುದು ಅರ್ಧ ನಿಜ. 2025ರ ಫೆಬ್ರುವರಿಯಲ್ಲಿ ಏರಿದ ಮೆಟ್ರೊ ದರದಲ್ಲಿ 15ರಿಂದ 20 ಕಿ.ಮೀ. ಪ್ರಯಾಣಕ್ಕೆ 70 ರೂಪಾಯಿ. ದಿನಕ್ಕೆ ಎರಡು ಸಲ, ತಿಂಗಳಿಗೆ 24 ದಿನ ಅಂದರೆ 3,360. ಸ್ಮಾರ್ಟ್ ಕಾರ್ಡಿನ ಶೇ. 5 ರಿಯಾಯಿತಿ ಕಳೆದರೆ 3,192. ಸ್ಟೇಷನ್ನಿನಿಂದ ಮನೆಗೆ ಆಟೊ ಬೇಕಾದರೆ ಅದು ಬೇರೆ. ಹಾಗಾಗಿ ಕೆಲಸದ ಹತ್ತಿರದ ಮನೆಗಿಂತ ಕನಿಷ್ಠ ಮೂರೂವರೆ ಸಾವಿರವಾದರೂ ಬಾಡಿಗೆ ಕಡಿಮೆ ಇರದಿದ್ದರೆ ಊರಂಚಿನ ಕೆಂಗೇರಿಯಾಚೆಗೋ ಕಾಡುಗೋಡಿಗೋ ಹೋಗಿ ಉಳಿಸುವುದು ಏನೂ ಇಲ್ಲ. ಹೋಗಿಬರುವ ಎರಡು ಎರಡೂವರೆ ಗಂಟೆಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಹೆಣ್ಣುಮಕ್ಕಳಿಗೆ ಈ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ರಾಜ್ಯದ ಮಹಿಳೆಯರಿಗೆ ಉಚಿತ. ಅವರು ಮೆಟ್ರೊ ಸ್ಟೇಷನ್ನಿಗಿಂತ ಬಸ್ಸು ಹೊರಡುವ ಕೊನೆಯ ನಿಲ್ದಾಣದ ಆಸುಪಾಸು ಹುಡುಕುವುದು ಒಳ್ಳೆಯದು. ಖಾಲಿ ಬಸ್ಸಿನಲ್ಲಿ ಕೂರಲು ಸೀಟು ಸಿಗುತ್ತದೆ, ಒಂದು ಗಂಟೆಯ ದಾರಿ ಸಹ್ಯವಾಗುತ್ತದೆ.

2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಶುರುವಾಯಿತು. ಹೊಸ ಮಾರ್ಗ ಬಂದಾಗ ಸ್ಟೇಷನ್ ಪಕ್ಕದ ಬಾಡಿಗೆ ಮೊದಲು ಏರುತ್ತದೆ. ನಡೆದು 20 ನಿಮಿಷ ಆಗುವಷ್ಟು ಒಳಗೆ ಹೋದರೆ ಏರಿಕೆ ಇನ್ನೂ ಮುಟ್ಟಿರುವುದಿಲ್ಲ.

ಹುಡುಕುವ ದಿನ, ಹುಡುಕುವ ರೀತಿ

ಆಷಾಢ ಮತ್ತು ಧನುರ್ಮಾಸದಲ್ಲಿ ಹೊಸ ಮನೆಗೆ ಹಾಲುಕ್ಕಿಸುವುದಿಲ್ಲ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ಆ ಮಾಸ ಶುರುವಾಗುವ ಮೊದಲು ಬಾಡಿಗೆಗೆ ಹೋಗದ ಮನೆ ಮುಂದಿನ ತಿಂಗಳವರೆಗೆ ಖಾಲಿ ಬೀಳುತ್ತದೆ ಎನ್ನುವುದು ಓನರಿಗೆ ಗೊತ್ತು. ನಂಬಿಕೆಯ ಅಡ್ಡಿ ನಿಮಗಿಲ್ಲದಿದ್ದರೆ ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಂಬಿಕೆ ಓನರ್ ಕಡೆಯಿಂದಲೇ ಇದ್ದರೆ ಅದಕ್ಕೂ ದಾರಿ ಇದೆ: ಮಾಸ ಶುರುವಾಗುವ ಮುಂಚೆ ಒಂದು ಒಳ್ಳೆಯ ದಿನ ಹಾಲುಕ್ಕಿಸಿ ಕೀ ಪಡೆದು, ಸಾಮಾನನ್ನು ಆಮೇಲೆ ಸಾಗಿಸುವುದು. ಇದಕ್ಕೆ ಹೆಚ್ಚಿನವರು ಒಪ್ಪುತ್ತಾರೆ. ಮೇ ಕೊನೆ ಮತ್ತು ಜೂನ್ ಮೊದಲ ವಾರ ಮಾತ್ರ ಹುಡುಕಬೇಡಿ. ಶಾಲೆ ತೆರೆಯುವ ಹೊತ್ತಿಗೆ ಸಂಸಾರಸ್ಥರೆಲ್ಲ ಮನೆ ಬದಲಿಸುತ್ತಾರೆ, ಓನರ್ ಹೇಳಿದ್ದೇ ಬೆಲೆ.

ತಿಂಗಳ ಲೆಕ್ಕದಲ್ಲಿ ಹೇಳುವುದಾದರೆ 25ನೇ ತಾರೀಕಿನಿಂದ ಮುಂದಿನ 5ರವರೆಗೆ ಬೋರ್ಡುಗಳು ಹೆಚ್ಚು. ಭಾನುವಾರ ಬೆಳಗ್ಗೆ ಏಳರಿಂದ ಹತ್ತು ಗಂಟೆಯವರೆಗೆ ಒಂದು ಬಡಾವಣೆಯ ಅಡ್ಡರಸ್ತೆಗಳನ್ನೆಲ್ಲ ನಡೆದೇ ಸುತ್ತಿ. ಗಾಡಿಯಲ್ಲಿ ಹೋದರೆ ಮಹಡಿ ಕಂಬಿಗೆ ಕಟ್ಟಿದ ಬೋರ್ಡು ಕಾಣುವುದಿಲ್ಲ. ಕೈಯಲ್ಲಿ ಬರೆದ ನಂಬರು ಸಾಮಾನ್ಯವಾಗಿ ಓನರಿನದು. ಅಚ್ಚು ಹಾಕಿಸಿದ, ಒಂದೇ ನಂಬರು ನಾಲ್ಕು ಮನೆ ಮೇಲೆ ಇರುವ ಬೋರ್ಡು ಬ್ರೋಕರಿನದು.

ಬೋರ್ಡು ಬೀಳುವ ಮೊದಲೇ ಸುದ್ದಿ ತಿಳಿಯುವವರು ಮೂವರು: ಇಸ್ತ್ರಿ ಅಂಗಡಿಯವರು, ನೀರಿನ ಕ್ಯಾನ್ ಹಾಕುವವರು, ನಂದಿನಿ ಹಾಲಿನ ಬೂತಿನವರು. ಯಾವ ಮನೆಯವರು ಮುಂದಿನ ತಿಂಗಳಿಂದ ಹಾಲು ಬೇಡ ಅಂದಿದ್ದಾರೆ, ಯಾರು ಕ್ಯಾನಿನ ಡೆಪಾಸಿಟ್ ವಾಪಸ್ ಕೇಳಿದ್ದಾರೆ ಎನ್ನುವುದು ಇವರಿಗೆ ಗೊತ್ತಿರುತ್ತದೆ. ಒಂದು ಬಡಾವಣೆ ಇಷ್ಟವಾದರೆ ಇವರ ಹತ್ತಿರ ಎರಡು ಮಾತಾಡಿ ನಂಬರು ಕೊಟ್ಟು ಬನ್ನಿ. ಆ್ಯಪ್‌ಗಳಿಗೆ ದುಡ್ಡು ಕಟ್ಟುವ ಮೊದಲು ಮಾಡಬೇಕಾದ ಕೆಲಸ ಇದು.

ಆ್ಯಪ್‌ ಮತ್ತು ಫೇಸ್‌ಬುಕ್ ಗುಂಪುಗಳಲ್ಲಿ ನಡೆಯುವ ಒಂದು ಮೋಸ ಮತ್ತೆ ಮತ್ತೆ ಅದೇ ರೂಪದಲ್ಲಿ ಬರುತ್ತದೆ. ಫೋಟೊದಲ್ಲಿ ಸುಂದರ ಮನೆ, ಬಾಡಿಗೆ ಆ ಏರಿಯಾದ ಅರ್ಧ. ಓನರ್ ತಾನು ಸೇನೆಯಲ್ಲೋ ಸಿಐಎಸ್‌ಎಫ್‌ನಲ್ಲೋ ಇದ್ದೇನೆ, ವರ್ಗವಾಗಿದೆ ಎನ್ನುತ್ತಾನೆ. ಗುರುತಿನ ಚೀಟಿಯ ಚಿತ್ರವನ್ನೂ ಕಳಿಸುತ್ತಾನೆ. ಮನೆ ನೋಡಲು "ಗೇಟ್ ಪಾಸ್" ಶುಲ್ಕ ಕಟ್ಟಿ, ಆಮೇಲೆ ವಾಪಸ್ ಬರುತ್ತದೆ ಎನ್ನುತ್ತಾನೆ. ಇಲ್ಲವೇ ಕ್ಯುಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿದರೆ ದುಡ್ಡು ನಿಮಗೇ ಬರುತ್ತದೆ ಎನ್ನುತ್ತಾನೆ. ದುಡ್ಡು ಪಡೆಯಲು ಯುಪಿಐ ಪಿನ್ ಯಾವತ್ತೂ ಒತ್ತಬೇಕಿಲ್ಲ. ಮನೆಯೊಳಗೆ ಕಾಲಿಟ್ಟು ನೋಡುವ ಮೊದಲು ಟೋಕನ್ ಹೆಸರಲ್ಲಿ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ದೂರು ಹೋದರೆ ತಡೆಹಿಡಿಯುವ ಅವಕಾಶ ಇರುತ್ತದೆ.

"ಫ್ಯಾಮಿಲಿಗೆ ಮಾತ್ರ" ಎಂದ ಕಡೆ ವಾದ ಮಾಡಿ ಗೆಲ್ಲುವುದು ಕಷ್ಟ. ಆದರೆ ಓನರ್ ಮನಸ್ಸಿನಲ್ಲಿರುವ ಭಯ ಏನು ಎಂದು ತಿಳಿದರೆ ಕೆಲವು ಬಾಗಿಲು ತೆರೆಯುತ್ತವೆ. ಭಯ ಇರುವುದು ಒಬ್ಬರಿಗೆ ಕೊಟ್ಟರೆ ನಾಲ್ವರು ಬಂದು ಸೇರುತ್ತಾರೆ, ರಾತ್ರಿ ಗಲಾಟೆ, ನೀರು ಖರ್ಚು ಎಂದು. ಫೋನಿನಲ್ಲೇ ಅವರು ಕೇಳುವ ಮೊದಲು ಹೇಳಿಬಿಡಿ: "ಒಬ್ಬನೇ ಇರೋದು ಸಾರ್, ಇಂಥಾ ಕಡೆ ಕೆಲಸ, ಊರು ಹಾಸನ, ಅಪ್ಪ ಅಮ್ಮ ವರ್ಷಕ್ಕೆರಡು ಸಲ ಬರ್ತಾರೆ." ಕಂಪನಿಯ ಐಡಿ, ಆಧಾರ್ ಪ್ರತಿ, ಹಳೆಯ ಓನರ್ ನಂಬರು ಜೇಬಿನಲ್ಲಿರಲಿ. ಹಳೆಯ ಓನರಿನಿಂದ ಒಂದು ಒಳ್ಳೆಯ ಮಾತು ಬಂದರೆ ಅದರಷ್ಟು ಕೆಲಸ ಮಾಡುವ ಕಾಗದ ಬೇರೆ ಇಲ್ಲ.

ಮನೆ ಒಳಗೆ ಹತ್ತು ನಿಮಿಷ

ಮೊದಲು ಮೀಟರ್ ಬೋರ್ಡಿನ ಹತ್ತಿರ ಹೋಗಿ. ಗೇಟಿನ ಪಕ್ಕದ ಗೋಡೆಯಲ್ಲಿ ಸಾಲಾಗಿ ಮೀಟರುಗಳಿರುತ್ತವೆ. ನಿಮ್ಮ ಮನೆಯದು ಯಾವುದು ಎಂದು ಕೇಳಿ, ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ, ಅಂದರೆ ಆರ್‌ಆರ್ ನಂಬರಿನ ಫೋಟೊ ತೆಗೆದುಕೊಳ್ಳಿ. "ನಿಮ್ಮದಕ್ಕೆ ಬೇರೆ ಮೀಟರ್ ಇಲ್ಲ, ಸಬ್‌ಮೀಟರ್ ಹಾಕಿದೀವಿ" ಎಂದರೆ ಮೂರು ಅರ್ಥ. ಗೃಹಜ್ಯೋತಿ ನಿಮಗಿಲ್ಲ. ಯೂನಿಟ್ ದರ ಓನರ್ ಹೇಳಿದ್ದು, ಬೆಸ್ಕಾಂನ ಗೃಹಬಳಕೆ ದರಕ್ಕಿಂತ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಮೂರನೆಯದು, ಆ ಕೋಣೆ ಕಟ್ಟಡದ ನಕ್ಷೆಯಲ್ಲಿ ಇಲ್ಲದೆ ಆಮೇಲೆ ಕಟ್ಟಿದ್ದಾಗಿರಬಹುದು. ಪ್ರತ್ಯೇಕ ಮೀಟರ್ ಇದ್ದರೆ ಹಳೆಯ ಬಾಡಿಗೆದಾರರು ಗೃಹಜ್ಯೋತಿಗೆ ಮಾಡಿದ್ದ ತಮ್ಮ ಆಧಾರ್ ಜೋಡಣೆ ತೆಗೆಸಿದ್ದಾರಾ ಎಂದು ಕೇಳಿ. ತೆಗೆಸದೇ ಹೋಗಿದ್ದರೆ ಆ ಆರ್‌ಆರ್ ನಂಬರಿಗೆ ನೀವು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಲು ತೊಡಕಾಗುತ್ತದೆ. ನೆನಪಿರಲಿ, ಉಚಿತ ಎಂದರೆ 200 ಯೂನಿಟ್ ಪೂರ್ತಿ ಅಲ್ಲ. ನಿಮಗೆ ಗೊತ್ತು ಮಾಡಿದ ಮಿತಿಗಿಂತ ಮೇಲಿನ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ ನಿಮ್ಮದು.

ಆಮೇಲೆ ನೀರು. "ನೀರಿನ ತೊಂದರೆ ಇಲ್ಲ" ಎಂಬ ಉತ್ತರಕ್ಕೆ ಬೆಲೆ ಕೊಡಬೇಡಿ. ಬಿಡಿಬಿಡಿಯಾಗಿ ಕೇಳಿ: ಕಾವೇರಿ ಸಂಪರ್ಕ ಇದೆಯಾ, ವಾರಕ್ಕೆ ಎಷ್ಟು ದಿನ ಬಿಡುತ್ತಾರೆ, ಬೋರ್‌ವೆಲ್ ಇದೆಯಾ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ರಾ, ಆ ದುಡ್ಡು ಯಾರು ಕೊಟ್ಟರು? ಕೊನೆಯ ಪ್ರಶ್ನೆಯೇ ಮುಖ್ಯ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ನಿಗದಿ ಮಾಡಬೇಕಾಯಿತು, 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಆ ವರ್ಷ ಕಟ್ಟಡದ ಟ್ಯಾಂಕರ್ ಖರ್ಚನ್ನು ಮನೆಗಿಷ್ಟು ಎಂದು ಸಮವಾಗಿ ಹಂಚಿದ ಕಡೆ ಒಬ್ಬರೇ ಇದ್ದವರು ಐವರಿದ್ದ ಮನೆಯಷ್ಟೇ ಕೊಟ್ಟರು. ನೀರಿನ ಖರ್ಚು ತಲೆಗಿಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ನೀರು ಬರುವಂತಾಗಿದೆ. ಆದರೆ ಬೀದಿಯಲ್ಲಿ ಪೈಪು ಬಂದಿರುವುದು ಬೇರೆ, ಓನರ್ ಹಣ ಕಟ್ಟಿ ಸಂಪರ್ಕ ಪಡೆದಿರುವುದು ಬೇರೆ. ಜಲಮಂಡಳಿಯ ಬಿಲ್ ತೋರಿಸಿ ಎಂದರೆ ಗೊತ್ತಾಗುತ್ತದೆ.

ಬಾತ್‌ರೂಮಿನ ನಲ್ಲಿ ತಿರುಗಿಸಿ 15 ಲೀಟರ್ ಬಕೆಟ್ ಇಡಿ. ಮೂರು ನಿಮಿಷ ದಾಟಿದರೂ ತುಂಬದಿದ್ದರೆ ಶವರ್ ಆಸೆ ಬಿಡಬೇಕು. ಮೇಲಿನ ಮಹಡಿಯಲ್ಲೇ ಹೀಗಾಗುವುದು ಜಾಸ್ತಿ, ಏಕೆಂದರೆ ಟ್ಯಾಂಕು ತಲೆ ಮೇಲೆ ನಾಲ್ಕೈದು ಅಡಿ ಎತ್ತರದಲ್ಲಷ್ಟೇ ಇರುತ್ತದೆ, ನೀರಿಗೆ ಒತ್ತಡ ಬರುವುದಿಲ್ಲ. ನಲ್ಲಿ ಮೂತಿಯಲ್ಲಿ ಬಿಳಿ ಗಸಿ ಗಟ್ಟಿಯಾಗಿ ಕೂತಿದ್ದರೆ ಬೋರ್ ನೀರು ಗಡಸು. ಗೀಸರ್ ಕಾಯಿಲ್ ಬೇಗ ಹೋಗುತ್ತದೆ, ಕುಡಿಯಲು ಕ್ಯಾನ್ ನೀರು ತಪ್ಪದು.

ಗೀಸರ್ ಪಾಯಿಂಟ್ ನೋಡುವುದನ್ನು ಮರೆಯಬೇಡಿ. 3 ಕಿಲೊವಾಟ್ ಇನ್‌ಸ್ಟಂಟ್ ಗೀಸರ್ 13 ಆಂಪ್ ಎಳೆಯುತ್ತದೆ. ಅದಕ್ಕೆ ದಪ್ಪ ಮೂರು ತೂತಿನ 16 ಆಂಪ್ ಸಾಕೆಟ್ ಬೇಕು. ಫ್ಯಾನ್ ಸ್ವಿಚ್ಚಿನ ಪಕ್ಕದ ಸಣ್ಣ 6 ಆಂಪ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಕೊಟ್ಟಿದ್ದರೆ ಪ್ಲಗ್ ಬಿಸಿಯಾಗಿ ಕರಗಬಹುದು, ಒಳಗಿನ ವೈರ್ ಸುಡುವ ಅಪಾಯವೂ ಇದೆ. ಸಾಕೆಟ್ ಸುತ್ತ ಕಂದು ಬಣ್ಣದ ಕಲೆ ಇದ್ದರೆ ಹಿಂದೆ ಇದು ಆಗಿದೆ ಎಂದೇ ಅರ್ಥ.

ಗೋಡೆಯ ಕೆಳಗಿನ ಒಂದು ಅಡಿಗೆ ಕೈ ಸವರಿ. ಪುಡಿಪುಡಿಯಾಗಿ ಬಿಳಿ ಉಪ್ಪು ಕೈಗೆ ಹತ್ತಿದರೆ ಅಡಿಪಾಯದಿಂದ ತೇವ ಏರುತ್ತಿದೆ. ಉಳಿದ ಗೋಡೆ ಹಳೆಯದಿದ್ದು ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಇದ್ದರೂ ಅದೇ. ಮಳೆಗಾಲದಲ್ಲಿ ಬಟ್ಟೆ, ಹಾಸಿಗೆ ಬೂಷ್ಟು ಹಿಡಿಯುತ್ತದೆ, ಬಿಡುವಾಗ ಆ ಗೋಡೆಯ ಬಣ್ಣದ ಖರ್ಚನ್ನು ನಿಮ್ಮ ಅಡ್ವಾನ್ಸಿನಲ್ಲೇ ಹಿಡಿಯುತ್ತಾರೆ. ಟೆರೇಸ್ ಮನೆಯಾದರೆ ಸಂಜೆ ನಾಲ್ಕಕ್ಕೆ ಹೋಗಿ ನೋಡಿ. ಬೆಳಗ್ಗೆ ತಂಪಾಗಿರುವ ಕೋಣೆಯ ಪಡುವಣ ಗೋಡೆ ಆ ಹೊತ್ತಿಗೆ ಕಾದಿರುತ್ತದೆ. ಮೇಲೆ ಆರ್‌ಸಿಸಿ ಇಲ್ಲದೆ ಬರೀ ಶೀಟ್ ಇದ್ದರೆ ಮಾರ್ಚಿನಿಂದ ಮೇವರೆಗೆ ಹಗಲು ಇರಲಾಗುವುದಿಲ್ಲ. ರಾತ್ರಿ ಪಾಳಿಯಲ್ಲಿ ದುಡಿದು ಹಗಲು ಮಲಗುವವರು ಅಂಥ ಮನೆ ಯಾವ ಬೆಲೆಗೂ ಬೇಡ ಎನ್ನಬೇಕು.

ತಗ್ಗು ಪ್ರದೇಶ, ಮಳೆನೀರು ಹರಿಯುವ ರಾಜಕಾಲುವೆ ಪಕ್ಕದ ನೆಲಮಹಡಿ ಅಗ್ಗಕ್ಕೆ ಸಿಗುತ್ತದೆ. ಅದಕ್ಕೆ ಕಾರಣ 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯಲ್ಲಿ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟಿನಲ್ಲಿ ಎಲ್ಲರೂ ನೋಡಿದ ಮಳೆನೀರಿನ ಪ್ರವಾಹವೇ. ಪಕ್ಕದ ಅಂಗಡಿಯವರನ್ನು "ಮಳೆಗೆ ನೀರು ಎಲ್ಲಿವರೆಗೆ ಬರುತ್ತೆ?" ಎಂದು ಕೇಳಿ. ಕೈಯಿಟ್ಟು ಎತ್ತರ ತೋರಿಸುತ್ತಾರೆ.

ಒಬ್ಬರೇ ಇರುವ ಹೆಣ್ಣುಮಕ್ಕಳು ರಾತ್ರಿ ಎಂಟರ ಮೇಲೆ ಇನ್ನೊಮ್ಮೆ ಹೋಗಿ ನೋಡಬೇಕು. ಬಸ್ ಸ್ಟಾಪಿನಿಂದ ಮನೆವರೆಗೆ ಬೀದಿದೀಪ, ಮೆಟ್ಟಿಲಲ್ಲಿ ದೀಪ, ಬಾಗಿಲಿಗೆ ಒಳಗಿನಿಂದ ಗಟ್ಟಿ ಬೋಲ್ಟು, ಟೆರೇಸ್ ಬಾಗಿಲಿಗೆ ಬೀಗ. ಗೇಟ್ ಎಷ್ಟೊತ್ತಿಗೆ ಹಾಕುತ್ತಾರೆ, ನಿಮಗೊಂದು ಕೀ ಕೊಡುತ್ತಾರಾ ಎನ್ನುವುದನ್ನು ಎಲ್ಲರೂ ಕೇಳಬೇಕು.

ಅಡ್ವಾನ್ಸ್ ಎಂಬ ದೊಡ್ಡ ಕಲ್ಲು

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಬಹಳ ಕಾಲದ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ, ಇಲ್ಲಿನ ಓನರಿಗೆ ಅದನ್ನು ತೋರಿಸಿದರೆ ಮನೆ ಇನ್ನೊಬ್ಬರಿಗೆ ಹೋಗುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ಕೈಗೆ ಬರುವುದಿಲ್ಲ, ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳು ಅದರ ವ್ಯಾಪ್ತಿಗೇ ಇಲ್ಲ. ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕುವ ಕರಾರು. ಅಂದರೆ ಕರಾರಿನಲ್ಲಿ ಬರೆದದ್ದೇ ನಿಮಗೆ ಕಾನೂನು. ಇದು ಬಾಡಿಗೆದಾರರಿಗೆ ಆಗಿರುವ ದೊಡ್ಡ ಅನ್ಯಾಯ, ರಾಜ್ಯ ಇದನ್ನು ಸರಿ ಮಾಡಲೇಬೇಕು. ಅಲ್ಲಿಯವರೆಗೆ ಕರಾರನ್ನು ಅಕ್ಷರ ಅಕ್ಷರ ಓದುವುದೊಂದೇ ರಕ್ಷಣೆ.

ಅಡ್ವಾನ್ಸ್ ತಡವಾಗಿ ವಾಪಸ್ ಬರುವುದರ ಹಿಂದೆ ಹೆಚ್ಚಾಗಿ ಇರುವುದು ಒಂದೇ ಕಾರಣ: ಆ ದುಡ್ಡು ಓನರ್ ಹತ್ತಿರ ಇರುವುದಿಲ್ಲ. ಮೇಲಿನ ಮಹಡಿ ಕಟ್ಟಲೋ ಮಗಳ ಮದುವೆಗೋ ಖರ್ಚಾಗಿರುತ್ತದೆ. ನಿಮಗೆ ಕೊಡುವುದು ಮುಂದೆ ಬರುವ ಬಾಡಿಗೆದಾರರ ಅಡ್ವಾನ್ಸಿನಿಂದ. ಇದು ಅರ್ಥವಾದರೆ ಚೌಕಾಸಿ ಎಲ್ಲಿ ಮಾಡಬೇಕು ಎಂಬುದೂ ಅರ್ಥವಾಗುತ್ತದೆ. ಬಾಡಿಗೆಯಲ್ಲಿ ಐನೂರು ಇಳಿಸಲು ಒದ್ದಾಡುವ ಬದಲು, "ಅಮ್ಮಾ, ಬಾಡಿಗೆ ನೀವು ಹೇಳಿದ್ದೇ ಇರಲಿ. ಅಡ್ವಾನ್ಸ್ ಮಾತ್ರ ನಾಲ್ಕು ತಿಂಗಳದ್ದು ಮಾಡ್ಕೊಳಿ, ಒಂದನೇ ತಾರೀಕೇ ಬಾಡಿಗೆ ಅಕೌಂಟಿಗೆ ಬರುತ್ತೆ" ಎಂದು ಕೇಳಿ. ಅದಕ್ಕೆ ಒಪ್ಪದಿದ್ದರೆ, ಬಿಡುವ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಕಳೆದುಕೊಳ್ಳುವ ಮಾತನ್ನು ಕರಾರಿನಲ್ಲಿ ಬರೆಸಿ. ಆಷಾಢದಲ್ಲಿ ಮನೆ ಹಿಡಿಯುವುದು ಲಾಭ, ಆಷಾಢದಲ್ಲಿ ಬಿಡುವುದು ನಷ್ಟ ಎನ್ನುವುದೂ ಇದೇ ಕಾರಣಕ್ಕೆ. ಹೊಸಬರು ಬರದೆ ನಿಮ್ಮ ದುಡ್ಡು ಹೊರಡುವುದಿಲ್ಲ.

ಕರಾರು 11 ತಿಂಗಳಿಗೆ ಇರುವುದು ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಎನ್ನುವ ಕಾರಣಕ್ಕೆ. ಕರಾರು ಟೈಪ್ ಮಾಡಿಕೊಡುವ ಅಂಗಡಿಯಲ್ಲಿ ಸಿದ್ಧ ನಮೂನೆ ಇರುತ್ತದೆ, ಅದು ಓನರ್ ಪರವಾಗಿ ಬರೆದದ್ದು. ಟೈಪ್ ಮಾಡುವಾಗಲೇ ಪಕ್ಕದಲ್ಲಿ ಕೂತು ಈ ಒಂದು ಸಾಲು ಸೇರಿಸಿ: "ಮನೆಯನ್ನು ಖಾಲಿ ಮಾಡಿ ಕೀ ಒಪ್ಪಿಸಿದ ದಿನವೇ ಮುಂಗಡ ಹಣವನ್ನು ಬಾಡಿಗೆದಾರರ ಬ್ಯಾಂಕ್ ಖಾತೆಗೆ ಹಿಂತಿರುಗಿಸತಕ್ಕದ್ದು, ಸುಣ್ಣಬಣ್ಣದ ಖರ್ಚನ್ನು ಬಿಲ್ಲಿನ ಪ್ರಕಾರ ಮಾತ್ರ, ಅರ್ಧ ತಿಂಗಳ ಬಾಡಿಗೆಗೆ ಮೀರದಂತೆ ಕಡಿತ ಮಾಡತಕ್ಕದ್ದು." ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುತ್ತದೆ, ಆದರೆ ನೀವೇ ಒಂದು ತಿಂಗಳ ಬಾಡಿಗೆ ಬಿಡುತ್ತೇನೆ ಎಂದು ಸಹಿ ಹಾಕಿದ್ದರೆ ಆ ಮಾತಿಗೆ ಬಲವಿಲ್ಲ. ನೋಟಿಸ್ ಅವಧಿ ಎರಡೂ ಕಡೆಗೆ ಸಮವಾಗಿರಲಿ. ಎಷ್ಟೋ ಕರಾರಿನಲ್ಲಿ ನೀವು ಎರಡು ತಿಂಗಳು ಮೊದಲು ಹೇಳಬೇಕು, ಓನರ್ ಒಂದೇ ತಿಂಗಳಲ್ಲಿ ಬಿಡಿಸಬಹುದು ಎಂದಿರುತ್ತದೆ. ವರ್ಷದ ಏರಿಕೆ ಶೇ. 5 ಎಂದು ಅಂಕಿಯಲ್ಲೇ ಬರೆಸಿ, "ಪರಸ್ಪರ ಒಪ್ಪಿಗೆಯಂತೆ" ಎಂದು ಬಿಟ್ಟರೆ ಒಪ್ಪಿಗೆ ಅವರದೇ ಆಗುತ್ತದೆ.

ಸಹಿ ಮಾಡುವವರ ಹೆಸರು, ಆಸ್ತಿ ತೆರಿಗೆ ರಸೀದಿಯ ಹೆಸರು, ದುಡ್ಡು ಹೋಗುವ ಖಾತೆಯ ಹೆಸರು ಮೂರೂ ಒಂದೇ ಇರಬೇಕು. ಮಗನೋ ಅಳಿಯನೋ ಬಂದು ಸಹಿ ಮಾಡಿದರೆ ಓನರಿಂದ ಅಧಿಕಾರಪತ್ರ ಕೇಳಿ. ಅಡ್ವಾನ್ಸನ್ನು ನಗದಾಗಿ ಕೊಡಲೇಬೇಡಿ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ಮನೆಬಾಡಿಗೆ ಭತ್ಯೆಯ, ಅಂದರೆ ಎಚ್‌ಆರ್‌ಎ ವಿನಾಯಿತಿ ಪಡೆಯುವವರು ವರ್ಷದ ಬಾಡಿಗೆ 1 ಲಕ್ಷ ಮೀರಿದರೆ, ಅಂದರೆ ತಿಂಗಳಿಗೆ 8,333 ದಾಟಿದರೆ, ಓನರ್ ಪ್ಯಾನ್ ನಂಬರು ಕೊಡಬೇಕು. ಕೊಡುವುದಿಲ್ಲ ಎನ್ನುವವರು ಬಹಳ. ಆ ವಿನಾಯಿತಿ ತಪ್ಪಿದರೆ ನಿಮಗೆ ಎಷ್ಟು ತೆರಿಗೆ ಬೀಳುತ್ತದೋ ಅದನ್ನು ಆ ಮನೆಯ ಬಾಡಿಗೆಗೆ ಕೂಡಿಸಿ ನೋಡಿ, ಆಮೇಲೆ ಒಪ್ಪಿ.

ತಿಂಗಳ ಬಾಡಿಗೆಯೇ ಇಲ್ಲದ ಭೋಗ್ಯದ ಮನೆ, ಇಲ್ಲಿ ಲೀಸ್ ಎನ್ನುವುದು, ಉಳಿತಾಯ ಇರುವ ಒಂಟಿಗರನ್ನು ಸೆಳೆಯುತ್ತದೆ. ಐದೋ ಎಂಟೋ ಲಕ್ಷ ಕೊಟ್ಟು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ವಾಪಸ್. ಇದು ಓನರಿಗೆ ನೀವು ಕೊಡುವ ಸಾಲ ಎಂದು ತಿಳಿದು ನಡೆಯಿರಿ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಕಂತು ನಿಂತರೆ ಬ್ಯಾಂಕು ಹರಾಜಿಗೆ ಬರುತ್ತದೆ, ಆಗ ನೋಂದಣಿಯಿಲ್ಲದ ಕಾಗದ ಹಿಡಿದ ನೀವು ಬೀದಿಯಲ್ಲಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ, ಆಸ್ತಿ ಮೇಲೆ ನೋಂದಣಿಯಾದ ಸಾಲ ತೋರಿಸುವ ಋಣಭಾರ ಪ್ರಮಾಣಪತ್ರ ತೆಗೆಸಿ. ಅಷ್ಟೇ ಸಾಲದು, ಮೂಲ ಕ್ರಯಪತ್ರ ಕಣ್ಣಿಗೆ ತೋರಿಸಲು ಕೇಳಿ. "ಜೆರಾಕ್ಸ್ ಇದೆ, ಮೂಲ ಊರಲ್ಲಿದೆ" ಎಂದರೆ ಮೂಲ ಬ್ಯಾಂಕಿನಲ್ಲಿದೆ ಎಂದೇ ಲೆಕ್ಕ ಹಿಡಿಯಿರಿ. ಓನರ್ ಮುಖವನ್ನೇ ತೋರಿಸದೆ ನಡುವಿನ ಏಜೆನ್ಸಿ ಕರಾರು ಮಾಡಿಕೊಡುವ ಲೀಸ್ ಬೇಡವೇ ಬೇಡ. ಏಜೆನ್ಸಿ ಓನರಿಗೆ ತಿಂಗಳ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ ದಿನ ಓನರ್ ನಿಮ್ಮ ಬಾಗಿಲಿಗೆ ಬರುತ್ತಾರೆ.

ಕೀ ಸಿಕ್ಕ ದಿನ ಸಾಮಾನು ಒಳಗಿಡುವ ಮೊದಲು ಖಾಲಿ ಮನೆಯ ವಿಡಿಯೊ ಮಾಡಿ: ಗೋಡೆ, ನಲ್ಲಿ, ಸಿಂಕು, ಬಾಗಿಲ ಚಿಲಕ, ಫ್ಯಾನು, ಮೀಟರ್ ರೀಡಿಂಗ್. ಅದೇ ದಿನ ಓನರ್ ವಾಟ್ಸ್‌ಆ್ಯಪಿಗೆ ಕಳಿಸಿ, ತಾರೀಕು ಅಲ್ಲೇ ದಾಖಲಾಗುತ್ತದೆ. ಗ್ಯಾಸ್ ಸಂಪರ್ಕ ಬರುವವರೆಗೆ ಏಜೆನ್ಸಿಗಳಲ್ಲಿ ಗುರುತಿನ ಚೀಟಿ ತೋರಿಸಿ 5 ಕೆ.ಜಿ. ಸಿಲಿಂಡರ್ ತರಬಹುದು, ಒಬ್ಬರ ಅಡುಗೆಗೆ ಸಾಕು. ಬಿಡುವಾಗ ಅದೇ ವಿಡಿಯೊ ತೆರೆದು ಓನರ್ ಜೊತೆ ಒಂದೊಂದು ಕೋಣೆ ಸುತ್ತಿ, ಮೀಟರ್ ರೀಡಿಂಗ್ ಫೋಟೊ ತೆಗೆದು, ಗೃಹಜ್ಯೋತಿಯ ಜೋಡಣೆ ತೆಗೆಸಿ, ಅಡ್ವಾನ್ಸ್ ಖಾತೆಗೆ ಬಂದ ಮೆಸೇಜ್ ನೋಡಿದ ಮೇಲೆ ಕೀ ಕೊಡಿ.